ಹೋದ ದುಡ್ಡು ಹೋಗಲಿ, ಹುಡುಗ ಉಳಿಯಲಿ

(ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಗೆಳೆಯರೇ, ತಂಗಿಯರೇ, ಕೆಲಸ ಮುಗಿಸಿ ಬಾಗಿಲ ಹತ್ತಿರ ನಿಂತಿರುವ ಅಡುಗೆಮನೆಯ ಅಕ್ಕಂದಿರೇ,

ಇವತ್ತು ನಾವು ಸೇರಿರುವುದು ಜೂಜಿನ ಬಗ್ಗೆ ಮಾತಾಡಲಿಕ್ಕೆ. ‘ಇದೇನ್ರೀ ವಿಷಯ? ಭೂಮಿ ಬಗ್ಗೆ ಮಾತಾಡಿ, ವಿದ್ಯಾರ್ಥಿವೇತನದ ಬಗ್ಗೆ ಮಾತಾಡಿ’ ಅಂತ ಒಂದಿಬ್ಬರು ಮೊದಲೇ ಮುಖ ತಿರುಗಿಸಿದರು. ಅವರಿಗೆ ನಮ್ಮ ಉತ್ತರ ಇಷ್ಟೆ. ಇದು ಭೂಮಿಯ ವಿಷಯವೇ, ಇದು ವಿದ್ಯಾರ್ಥಿವೇತನದ ವಿಷಯವೇ. ತಾತ ದರಖಾಸ್ತು ಹಾಕಿ, ಕಚೇರಿಗೆ ಅಲೆದು ಅಲೆದು ಪಡೆದ ಎರಡು ಎಕರೆ ಮೊಮ್ಮಗನ ಕಾಲಕ್ಕೆ ಇಸ್ಪೀಟಿನ ಎಲೆ ಕೆಳಗೆ ಹೋಗಿದ್ದನ್ನು ನಾವು ಕಂಡಿದ್ದೇವೆ. ಕಾದು ಕಾದು ಖಾತೆಗೆ ಬಿದ್ದ ವಿದ್ಯಾರ್ಥಿವೇತನ ಒಂದು ರಾತ್ರಿಯಲ್ಲಿ, ರಗ್ಗು ಹೊದ್ದುಕೊಂಡ ಕತ್ತಲಲ್ಲಿ, ಫೋನಿನೊಳಗೆ ಕರಗಿ ಹೋಗಿದ್ದನ್ನೂ ಕಂಡಿದ್ದೇವೆ. ಹಗಲು ಹೋರಾಡಿ ತಂದದ್ದನ್ನು ರಾತ್ರಿ ಯಾರೋ ಎತ್ತಿಕೊಂಡು ಹೋಗುತ್ತಿದ್ದರೆ, ಅವನು ಯಾರು, ಹೇಗೆ ಎತ್ತುತ್ತಾನೆ ಅಂತ ನೋಡಬೇಕೋ ಬೇಡವೋ?

ನಾವು ಬುದ್ಧಿ ಹೇಳಲಿಕ್ಕೆ ಬಂದಿಲ್ಲ. ನಮಗೆ ಬುದ್ಧಿ ಹೇಳುವವರು ಈ ದೇಶದಲ್ಲಿ ಯಾವತ್ತೂ ಕಡಿಮೆಯಾಗಿಲ್ಲ. ಲೆಕ್ಕ ನೋಡೋಣ, ಆಮೇಲೆ ದಾರಿ ಹುಡುಕೋಣ.

ನಮ್ಮ ಸೀಮೆ ಎಂಥದು? ಅರಸೀಕೆರೆ ಅಂದರೆ ಜಂಕ್ಷನ್ನು, ಕೊಬ್ಬರಿ ಮಾರುಕಟ್ಟೆ, ಕಾಯಿ ಸುಲಿಯುವ ಕೂಲಿ, ಮೂಟೆ ಹೊರುವ ಹಮಾಲಿ. ಬೇಲೂರು ಅಂದರೆ ಹೊರಗಿನವರಿಗೆ ದೇವಸ್ಥಾನ. ನಮಗೆ ಅರೇಹಳ್ಳಿ, ಬಿಕ್ಕೋಡು ಕಡೆಯ ಕಾಫಿ ತೋಟ, ಲೈನ್ ಮನೆ, ವಾರದ ಬಟವಾಡೆ. ಹಳೇಬೀಡು ಅಂದರೆ ಜೋಳ, ಆಲೂಗೆಡ್ಡೆ, ಶುಂಠಿ. ಶುಂಠಿ ಬೆಳೆಯುವವನನ್ನೇ ಕೇಳಿ, ‘ಇದೂ ಒಂದು ಜೂಜು ಕಣಪ್ಪ, ರೇಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ’ ಅಂತಾನೆ. ಈ ಮೂರೂ ಕಡೆ ಒಂದು ಮಾತು ಸಮಾನ. ಕೈಗೆ ದುಡ್ಡು ದಿನಾ ಬರುವುದಿಲ್ಲ. ಬಟವಾಡೆಯ ದಿನ, ಸಂತೆಯ ದಿನ, ಮಾಲು ಮಾರಿದ ದಿನ ಒಟ್ಟಿಗೆ ಬರುತ್ತದೆ. ಆ ದಿನ ಜೇಬು ತುಂಬಿರುತ್ತದೆ ಅಂತ ನಮಗಿಂತ ಮೊದಲು ಗೊತ್ತಿರುವವರು ಇಬ್ಬರು: ಸಾಲ ಕೊಟ್ಟವನು, ಜೂಜು ಕಟ್ಟಿಸಿಕೊಳ್ಳುವವನು.

ಜೂಜು ನಮಗೆ ಹೊಸದಲ್ಲ. ಯುಗಾದಿ, ಹೊಸತೊಡಕಿನ ದಿನ ಅಪ್ಪಂದಿರು ಜಗಲಿಯ ಮೇಲೆ ಕೂತು ಇಸ್ಪೀಟು ಕಲಸುತ್ತಿದ್ದರು. ಸಂಜೆಗೆ ಮುಗಿಯುತ್ತಿತ್ತು, ಹತ್ತು ರೂಪಾಯಿ ಸೋತವನು ಬೈದುಕೊಂಡು ಮನೆಗೆ ಹೋಗುತ್ತಿದ್ದ. ಅಲ್ಲಿ ಹಬ್ಬ ಮುಗಿದ ಮೇಲೂ ಏಳದೆ ಕೂತವರು ಇದ್ದರು. ತೋಟದ ಮರೆಯ ಅಂದರ್ ಬಾಹರಿಗೆ, ಮೂರೆಲೆಗೆ ಹೋದವರು ಇದ್ದರು. ಆಮೇಲೆ ಬೀಡಾ ಅಂಗಡಿಯ ಪಕ್ಕ ಚೀಟಿ ಬರೆಯುವವನು ಬಂದ. ಅವನು ತಂದದ್ದು ಓಸಿ.

ಈ ಓಸಿ ಎಲ್ಲಿಂದ ಬಂತು ಗೊತ್ತೇ? ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯಲ್ಲಿ ದಿನ ಶುರುವಾದಾಗಿನ ದರ, ಮುಗಿದಾಗಿನ ದರ ಎರಡೂ ಮುಂಬಯಿಗೆ ಟೆಲಿಪ್ರಿಂಟರಿನಲ್ಲಿ ಬರುತ್ತಿದ್ದವು. ಓಪನ್, ಕ್ಲೋಸ್. ಅದೇ ಓಸಿ. ಬರುವ ಅಂಕಿ ಯಾವುದು ಅಂತ ಮುಂಬಯಿಯಲ್ಲಿ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಿತು. ಜೂಜು ನಿಲ್ಲಲಿಲ್ಲ. ಮರುವರ್ಷ ಕಲ್ಯಾಣ್ ಹೆಸರಿನ ಆಟ ಶುರುವಾಯಿತು. ಅಂಕಿ ಬರೆದ ಚೀಟಿಗಳನ್ನು ಮಡಕೆಗೆ ಹಾಕಿ ಎತ್ತುವ ಪದ್ಧತಿ ಬಂತು. ಮಡಕೆಗೆ ಅವರ ಕಡೆ ಮಟ್ಕಾ ಅಂತಾರೆ, ಆಟಕ್ಕೂ ಅದೇ ಹೆಸರು ನಿಂತಿತು. ಹತ್ತಿಯ ವ್ಯಾಪಾರದಲ್ಲಿ ಹುಟ್ಟಿದ ಅಂಕಿಗೆ, ಹತ್ತಿ ಬೆಳೆಯದ ನಮ್ಮೂರಿನ ಕೂಲಿಯವನು ಕನಸಿನಲ್ಲಿ ಹಾವು ಕಂಡರೆ ಇಷ್ಟು, ಹೆಣ ಕಂಡರೆ ಇಷ್ಟು ಅಂತ ಲೆಕ್ಕ ಹಾಕಿ ದುಡ್ಡು ಕಟ್ಟುತ್ತಾನೆ!

ಅದರ ಜೊತೆಗೆ ಲಾಟರಿ ಬಂತು. ಅದನ್ನು ಸರ್ಕಾರವೇ ಮಾರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತು ಬಿಟ್ಟ ಟಿಕೇಟುಗಳು, ಸಂಜೆ ಪೇಪರಿನಲ್ಲಿ ನಂಬರು ಹುಡುಕುವ ಬೆರಳುಗಳು. ಒಂದಂಕಿ ಲಾಟರಿ ಬಡವರನ್ನು ಎಷ್ಟು ಹಿಂಡಿತು ಅಂತ ನಿಮ್ಮ ಅವ್ವಂದಿರನ್ನು ಕೇಳಿ. 2007ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಲಾಟರಿ ನಿಂತಿತು. ಅದೇ ವರ್ಷ ಜುಲೈ 1ರಿಂದ ಸಾರಾಯಿಯೂ ನಿಂತಿತು. ನಿಂತ ಮೇಲೂ 2015ರಲ್ಲಿ ಅಕ್ರಮ ಒಂದಂಕಿ ಲಾಟರಿಯ ಹಗರಣ ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಅಂದರೆ ಮುಂಬಾಗಿಲು ಹಾಕಿದರೆ ಹಿಂಬಾಗಿಲು ಇದ್ದೇ ಇರುತ್ತದೆ.

ಈಗ ಬಾಗಿಲೇ ಬೇಕಾಗಿಲ್ಲ. ಫೋನು ಸಾಕು. 2008ರಲ್ಲಿ ಐಪಿಎಲ್ ಶುರುವಾದ ಮೇಲೆ ಬೆಟ್ಟಿಂಗ್ ಹಳ್ಳಿಯ ಹೋಟೆಲಿಗೂ ಬಂತು. ಆಮೇಲೆ ಆ್ಯಪುಗಳು ಬಂದವು. ಹಿಂದೆ ಜೂಜಾಡುವವನು ಮನೆ ಬಿಟ್ಟು ಹೋಗಬೇಕಿತ್ತು, ಇನ್ನೊಬ್ಬರ ಕಣ್ಣಿಗೆ ಬೀಳಬೇಕಿತ್ತು, ಜೇಬು ಖಾಲಿಯಾದರೆ ಏಳಬೇಕಿತ್ತು. ಈಗ ಏಳಬೇಕಾಗಿಲ್ಲ. ಜೇಬು ಖಾಲಿಯಾದರೆ ಅದೇ ಫೋನಿನಲ್ಲಿ ಸಾಲ ಕೊಡುವ ಇನ್ನೊಂದು ಆ್ಯಪು ಇದೆ. ನಿಮ್ಮ ಪಕ್ಕದ ಮಂಚದವನು ಓದುತ್ತಿದ್ದಾನೋ, ಸೋಲುತ್ತಿದ್ದಾನೋ ನಿಮಗೇ ಗೊತ್ತಾಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕಲೆ ಓದಿದವರು ಲೆಕ್ಕಕ್ಕೆ ಹೆದರಬೇಡಿ, ಇದು ಕೂಡಿ ಕಳೆಯುವ ಲೆಕ್ಕ.

ಓಸಿಯಲ್ಲಿ ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರ ತನಕ ನೂರು ಜೋಡಿ ಅಂಕಿಗಳಿವೆ. ಚೀಟಿ ಬರೆಯುವವನು ‘ರೂಪಾಯಿಗೆ ಎಂಬತ್ತು ಕೊಡ್ತೀನಿ’ ಅಂತಾನೆ ಅಂತಿಟ್ಟುಕೊಳ್ಳಿ. ನೂರು ಜನ ನೂರು ಅಂಕಿಗೆ ಒಂದೊಂದು ರೂಪಾಯಿ ಕಟ್ಟಿದರು. ಅವನ ಕೈಗೆ ನೂರು ಬಂತು. ಒಬ್ಬ ಗೆದ್ದ, ಎಂಬತ್ತು ತಗೊಂಡ. ಇಪ್ಪತ್ತು ಅವನ ಚೀಲದಲ್ಲೇ ಉಳಿಯಿತು. ಉಳಿದ ಎಂಬತ್ತನ್ನೇ ಅವರೆಲ್ಲ ಮತ್ತೆ ಕಟ್ಟಿದರೆ 64 ಆಗುತ್ತದೆ. ಮತ್ತೆ ಕಟ್ಟಿದರೆ 51, ಮತ್ತೆ 41, ಮತ್ತೆ 33. ಐದು ಸುತ್ತಿಗೆ ನಮ್ಮ ಕೇರಿಯ ನೂರು ರೂಪಾಯಿ ಮೂವತ್ಮೂರಾಯಿತು. ಯಾರೂ ಮೋಸ ಮಾಡಲಿಲ್ಲ, ಯಾರೂ ಅಂಕಿ ಬದಲಿಸಲಿಲ್ಲ. ಆಟ ನೆಟ್ಟಗೆ ನಡೆದರೇ ಇಷ್ಟು. ಎಂಬತ್ತರ ಬದಲು ತೊಂಬತ್ತೇ ಕೊಡಲಿ, ಸ್ವಲ್ಪ ನಿಧಾನವಾಗಿ ಅದೇ ಹಳ್ಳಕ್ಕೆ ಬೀಳುತ್ತೇವೆ. ಆ್ಯಪಿನ ರಮ್ಮಿಯಲ್ಲೂ ಪ್ರತಿ ಆಟಕ್ಕೆ ಕಂಪನಿಯ ಪಾಲು ಮೊದಲೇ ತೆಗೆದಿಟ್ಟಿರುತ್ತದೆ. ಕೂತವರಲ್ಲಿ ಯಾರಾದರೂ ಗೆಲ್ಲಲಿ, ಮೇಜಿನ ಯಜಮಾನ ಸೋಲುವುದೇ ಇಲ್ಲ.

‘ಆದರೂ ಇಂಥವನು ಗೆದ್ದನಲ್ಲ’ ಅಂತೀರಿ. ಗೆದ್ದ, ನಿಜ. ಗೆದ್ದವನ ಸುದ್ದಿ ಊರಿಗೆಲ್ಲ ಹಬ್ಬುತ್ತದೆ, ಅವನೇ ಹಬ್ಬಿಸುತ್ತಾನೆ, ಚೀಟಿ ಬರೆಯುವವನೂ ಹಬ್ಬಿಸುತ್ತಾನೆ. ಸೋತ ತೊಂಬತ್ತೊಂಬತ್ತು ಜನ ಬಾಯಿ ಬಿಡುವುದಿಲ್ಲ. ಹಾಗಾಗಿ ಕಿವಿಗೆ ಬೀಳುವುದೆಲ್ಲ ಗೆಲುವು. ‘ಸತತ ಆರು ಸಲ ಸೋತಿದ್ದೀನಿ, ಏಳನೇದು ಬಂದೇ ಬರುತ್ತೆ’ ಅಂತ ಇನ್ನೊಬ್ಬ ಅಂತಾನೆ. ನಾಣ್ಯಕ್ಕೆ ನೆನಪಿಲ್ಲ ಗೆಳೆಯರೇ. ಇಸ್ಪೀಟಿನ ಎಲೆಗೆ ಕರುಣೆ ಇಲ್ಲ. ನೀವು ಎಷ್ಟು ಸಲ ಸೋತಿರಿ ಅಂತ ಅದು ಬರೆದಿಟ್ಟುಕೊಂಡಿರುವುದಿಲ್ಲ.

ಹಾಗಾದರೆ ಲೆಕ್ಕ ಗೊತ್ತಿದ್ದವನೂ ಯಾಕೆ ಬಿಡಲಾರ? ಇಲ್ಲಿ ಸ್ವಲ್ಪ ನಿಲ್ಲೋಣ. ಅಮೆರಿಕಾದಲ್ಲಿ ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾರಿವಾಳಗಳನ್ನು ಗೂಡಿನಲ್ಲಿಟ್ಟು ಪರೀಕ್ಷೆ ಮಾಡಿದ. ಕೊಕ್ಕಿನಿಂದ ಕುಟ್ಟಿದಾಗಲೆಲ್ಲ ಕಾಳು ಬಿದ್ದರೆ, ಕಾಳು ನಿಂತ ಮೇಲೆ ಪಾರಿವಾಳ ಬೇಗ ಕುಟ್ಟುವುದನ್ನು ಬಿಡುತ್ತದೆ. ಯಾವಾಗ ಬೀಳುತ್ತದೋ ಗೊತ್ತಿಲ್ಲದ ಹಾಗೆ ಬಿಟ್ಟು ಬಿಟ್ಟು ಬಿದ್ದರೆ, ಅದು ಕುಟ್ಟುತ್ತಲೇ ಇರುತ್ತದೆ. ಬಹಳ ಹೊತ್ತು ಕಾಳು ಬೀಳದಿದ್ದರೂ ಕುಟ್ಟುತ್ತದೆ. ಜೂಜಿನ ಹೊಟ್ಟೆಯೊಳಗಿರುವುದು ಈ ತಂತ್ರವೇ. ಇನ್ನೊಂದು ಮಾತು: ಅಂಕಿ 47 ಬರಬೇಕಿತ್ತು, 46 ಬಂತು. ‘ಥತ್, ಒಂದರಲ್ಲಿ ಹೋಯ್ತು!’ ಒಂದರಲ್ಲಿ ಹೋದರೂ ಸೋಲು ಸೋಲೇ. ಆದರೆ ಇಂಥ ಸೋಲಿಗೂ ಮಿದುಳಿನಲ್ಲಿ ಗೆಲುವಿನ ಮಿಡಿತವೇ ಸ್ವಲ್ಪಮಟ್ಟಿಗೆ ಏಳುತ್ತದೆ ಅಂತ ವಿಜ್ಞಾನಿಗಳು ಕಂಡಿದ್ದಾರೆ. ಆದ್ದರಿಂದಲೇ ಅವನು ಇನ್ನೊಂದು ಚೀಟಿ ಬರೆಸುತ್ತಾನೆ.

ಇದು ಬರೀ ಸೋಮಾರಿತನ, ಕೆಟ್ಟಬುದ್ಧಿ ಅಂತ ನಮ್ಮವರು ಬೈಯುತ್ತಾರೆ. ವೈದ್ಯಲೋಕ ಹಾಗೆ ಹೇಳುವುದಿಲ್ಲ. ಅಮೆರಿಕಾದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲೇ ಇದಕ್ಕೆ ಕಾಯಿಲೆ ಎಂಬ ಜಾಗ ಸಿಕ್ಕಿತು. 2013ರಲ್ಲಿ ಅದನ್ನು ಹೆಂಡ, ಅಫೀಮಿನ ಚಟಗಳ ಸಾಲಿನಲ್ಲೇ ಸೇರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲೂ ಇದು ಇದೆ. ಆಡಿದವರೆಲ್ಲ ರೋಗಿಗಳಾಗುವುದಿಲ್ಲ. ಕುಡಿದವರೆಲ್ಲ ಕುಡುಕರಾಗುವುದಿಲ್ಲವಲ್ಲ, ಹಾಗೆ. ಆದರೆ ಕೆಲವರನ್ನು ಅದು ಹಿಡಿಯುತ್ತದೆ, ಹಿಡಿದ ಮೇಲೆ ಬೈಗುಳದಿಂದ ಬಿಡುವುದಿಲ್ಲ.

ಹಿಡಿದಿದೆ ಅಂತ ತಿಳಿಯುವುದು ಹೇಗೆ? ವೈದ್ಯರು ಕೇಳುವ ಪ್ರಶ್ನೆಗಳನ್ನೇ ಹಾಸ್ಟೆಲಿನ ಭಾಷೆಯಲ್ಲಿ ಕೇಳುತ್ತೇವೆ. ಯಾರೂ ಕೈ ಎತ್ತಬೇಕಾಗಿಲ್ಲ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ಹಿಂದೆ ಐವತ್ತಕ್ಕೆ ಬರುತ್ತಿದ್ದ ಮಜಾ ಈಗ ಐನೂರು ಕಟ್ಟಿದರೇ ಬರುತ್ತದೆಯೇ? ಬಿಡಬೇಕು ಅಂದುಕೊಂಡು ಬಿಡಲಾಗದೆ ಮತ್ತೆ ಹಿಡಿದಿರಾ? ಬಿಟ್ಟ ದಿನ ಸಿಡುಕು, ತಳಮಳ ಏಳುತ್ತದೆಯೇ? ಕ್ಲಾಸಿನಲ್ಲಿ ಕೂತಾಗಲೂ ತಲೆಯಲ್ಲಿ ಅದೇ ಆಟವೇ? ಬೇಜಾರಾದಾಗ, ಅವಮಾನವಾದಾಗ ಕೈ ಫೋನಿಗೆ ಹೋಗುತ್ತದೆಯೇ? ಸೋತದ್ದನ್ನು ಗೆದ್ದು ತರುತ್ತೇನೆ ಅಂತ ಮರುದಿನ ಮತ್ತೆ ಕಟ್ಟಿದಿರಾ? ಮನೆಯಲ್ಲಿ, ಗೆಳೆಯರಲ್ಲಿ ಸುಳ್ಳು ಹೇಳಿದಿರಾ? ಇದರಿಂದ ಓದು, ಕೆಲಸ, ಸ್ನೇಹ ಕೆಟ್ಟಿತೇ? ಹೊಟ್ಟೆಪಾಡಿಗೆ ಇನ್ನೊಬ್ಬರ ಹತ್ತಿರ ಕೈ ಚಾಚುವ ಹಾಗಾಯಿತೇ? ಒಂಬತ್ತು ಪ್ರಶ್ನೆಗಳು. ಒಂದು ವರ್ಷದ ಅವಧಿಯಲ್ಲಿ ನಾಲ್ಕಕ್ಕೆ ‘ಹೌದು’ ಅಂದರೆ ಡಾಕ್ಟರ ಹತ್ತಿರ ಮಾತಾಡುವ ಕಾಲ ಬಂದಿದೆ ಅಂತ ಅರ್ಥ.

ಇವುಗಳಲ್ಲಿ ಒಂದು ಪ್ರಶ್ನೆಯನ್ನು ಬೇರೆಯಾಗಿ ಎತ್ತಿ ಹಿಡಿಯಬೇಕು. ಸೋತದ್ದನ್ನು ಗೆದ್ದು ತರುತ್ತೇನೆ ಅನ್ನುವುದು. ಮೊದಲ ಸಲ ಹುಡುಗ ಆಸೆಗೆ ಆಡುತ್ತಾನೆ. ಆಮೇಲೆ ಆಡುವುದು ಆಸೆಗಲ್ಲ, ಹೆದರಿಕೆಗೆ. ಐನೂರು ಹೋಯಿತು, ಅದನ್ನು ತರಲು ಸಾವಿರ ಕಟ್ಟಿದ. ಸಾವಿರ ಹೋಯಿತು, ಫೀಸಿನ ದುಡ್ಡು ಕಟ್ಟಿದ. ಅದೂ ಹೋಯಿತು, ಅಕ್ಕನ ಓಲೆ ಗಿರವಿ ಇಟ್ಟ. ಪ್ರತಿ ಹೆಜ್ಜೆಯಲ್ಲೂ ಅವನು ಒಂದೇ ಮಾತು ಹೇಳಿಕೊಳ್ಳುತ್ತಾನೆ: ‘ಹೋದದ್ದು ಬಂದರೆ ಸಾಕು, ಮತ್ತೆ ಮುಟ್ಟಲ್ಲ.’ ಅವನನ್ನು ಮುಳುಗಿಸುವುದು ಈ ಮಾತೇ. ಜೀತದಲ್ಲಿ ನಮ್ಮ ಹಿರಿಯರು ಹೇಗೆ ಸಿಕ್ಕಿಕೊಂಡಿದ್ದರು? ಹಳೇ ಸಾಲ ತೀರಿಸಲು ದುಡಿದರು, ದುಡಿಯುವಾಗ ಹೊಸ ಸಾಲ ಹತ್ತಿತು, ಮಗ ಆ ಸಾಲಕ್ಕೆ ಬಂದು ನಿಂತ. 1976ರಲ್ಲಿ ಕಾನೂನು ಬಂದು ಜೀತ ರದ್ದಾಯಿತು. ಈ ಹೊಸ ಜೀತಕ್ಕೆ ಒಡೆಯನ ಮುಖ ಕಾಣುವುದಿಲ್ಲ, ಕಣದಲ್ಲಿ ನಿಂತು ಕೂಗುವವನಿಲ್ಲ. ಹುಡುಗ ತಾನೇ ರಾತ್ರಿ ಎದ್ದು ಹೋಗಿ ಕೊರಳು ಕೊಡುತ್ತಾನೆ.

ಆದ್ದರಿಂದ ನಾವು ಹೇಳುವ ಮಾತು ಒಂದೇ. ಹೋದ ದುಡ್ಡು ಹೋಯಿತು. ಅದು ಬರುವುದಿಲ್ಲ. ಅದನ್ನು ಹುಡುಕಿಕೊಂಡು ಹುಡುಗ ಹೋಗಬಾರದು. ಬಿಡುಗಡೆ ಶುರುವಾಗುವುದು ಇಲ್ಲಿಂದ.

‘ಜೂಜು, ಹೆಂಡ ಎಲ್ಲ ಕೇರಿಯವರ ಚಟ’ ಅಂತ ಹೇಳುವವರು ಇದ್ದಾರೆ. ಅವರಿಗೂ ಒಂದು ಮಾತು ಹೇಳಿಬಿಡೋಣ. ಋಗ್ವೇದದ ಹತ್ತನೇ ಮಂಡಲದಲ್ಲಿ ಜೂಜುಗಾರನೊಬ್ಬನ ಗೋಳಿನ ಸೂಕ್ತವೇ ಇದೆ. ಹೆಂಡತಿ ದೂರವಾದದ್ದು, ಸಾಲಕ್ಕೆ ಹೆದರಿ ರಾತ್ರಿ ಅಲೆಯುವುದು ಎಲ್ಲ ಅದರಲ್ಲಿದೆ. ಮಹಾಭಾರತದಲ್ಲಿ ಪಗಡೆ ಹಾಸಿದ್ದು ಹೊಲೆಗೇರಿಯಲ್ಲಲ್ಲ, ರಾಜರ ಸಭೆಯಲ್ಲಿ. ರಾಜ್ಯ ಸೋತು, ತಮ್ಮಂದಿರನ್ನು ಸೋತು, ಕೊನೆಗೆ ಹೆಂಡತಿಯನ್ನು ಪಣಕ್ಕಿಟ್ಟವನಿಗೆ ಧರ್ಮರಾಯ ಅಂತ ಹೆಸರು. ಇವತ್ತೂ ಅಷ್ಟೆ. ಕುದುರೆ ಪಂದ್ಯ ಕೌಶಲದ ಆಟ ಅಂತ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ರಮ್ಮಿಗೂ 1967ರಲ್ಲೇ ಅದೇ ಮಾತು ಹೇಳಿತ್ತು. ಜಾಲಿಮರದ ಕೆಳಗೆ ಟವೆಲ್ಲು ಹಾಸಿ ಅಂದರ್ ಬಾಹರ್ ಆಡಿದ ಕೂಲಿಯವನಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಟೋಪಿ ಹಾಕಿಕೊಂಡು ಆಡಿದರೆ ಕೌಶಲ, ಟವೆಲ್ಲು ಹಾಸಿ ಆಡಿದರೆ ಅಪರಾಧ. ಎರಡರಲ್ಲೂ ಮನೆ ಹಾಳಾಗುವುದು ಒಂದೇ ರೀತಿ. ನಮಗೆ ಉಳಿದದ್ದೇ ಕಡಿಮೆ, ಹಾಗಾಗಿ ನಾವು ಬೇಗ ಹಾಳಾಗುತ್ತೇವೆ, ಅಷ್ಟೇ ವ್ಯತ್ಯಾಸ.

ಬುದ್ಧ ಇದನ್ನು ಬಹಳ ಹಿಂದೆ ಕಂಡಿದ್ದ. ಸಿಗಾಲ ಎಂಬ ಹುಡುಗನಿಗೆ ಆತ ಹೇಳಿದ ಮಾತುಗಳಲ್ಲಿ ಜೂಜಿನ ಆರು ಕೇಡುಗಳ ವಿವರ ಇದೆ. ಗೆದ್ದರೆ ಹಗೆ, ಸೋತರೆ ಕೊರಗು, ಕಣ್ಣೆದುರೇ ಕರಗುವ ಆಸ್ತಿ, ಸಭೆಯಲ್ಲಿ ಬೆಲೆ ಕಳೆದುಕೊಂಡ ಮಾತು, ಗೆಳೆಯರ ತಾತ್ಸಾರ, ಹೆಣ್ಣು ಕೊಡಲು ಹಿಂಜರಿಯುವ ಜನ. ಇದರಲ್ಲಿ ದುಡ್ಡಿಗೆ ಸಂಬಂಧಿಸಿದ್ದು ಎರಡೇ, ನೋಡಿ. ಉಳಿದ ನಾಲ್ಕೂ ಮನುಷ್ಯರ ನಡುವಿನ ನಂಬಿಕೆಗೆ ಸೇರಿದವು. ಸಭೆಯಲ್ಲಿ ನಮ್ಮ ಮಾತಿಗೆ ಬೆಲೆ ಬರಲಿ ಅಂತ ಮೂರು ತಲೆಮಾರು ಒದ್ದಾಡಿದೆ. ಆ ಮಾತನ್ನೇ ನಾವು ಒಂದು ಚೀಟಿಗೆ ಕೊಟ್ಟುಬಿಡುವುದೇ?

ಈ ಸೋಲಿನ ಭಾರ ಯಾರ ತಲೆಯ ಮೇಲೆ ಬೀಳುತ್ತದೆ? ಇಲ್ಲಿ ಕೂತಿರುವ ತಂಗಿಯರಿಗೆ ಗೊತ್ತು. ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಹಸುವಿಗೆ ಅಂತ ಸಾಲ ಎತ್ತಿರುತ್ತಾಳೆ. ಹಸು ಬರುವುದಿಲ್ಲ, ಕಂತು ಬರುತ್ತದೆ. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರು ಕಟ್ಟಬೇಕು. ಹಾಗಾಗಿ ಒಬ್ಬನ ಜೂಜು ಹತ್ತು ಮನೆಯ ಜಗಳವಾಗುತ್ತದೆ. 2024ರ ಮಾರ್ಚ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಿಂದ ಒಂದು ಸುದ್ದಿ ಬಂತು. ಗಂಡ ಐಪಿಎಲ್ ಬೆಟ್ಟಿಂಗಿನಲ್ಲಿ ಮಾಡಿಕೊಂಡ ಸಾಲದವರ ಕಾಟ ತಾಳಲಾರದೆ ಒಬ್ಬ ಹೆಣ್ಣುಮಗಳು ಜೀವ ಬಿಟ್ಟಳು. ಆಡಿದ್ದು ಅವಳಲ್ಲ, ಗೆದ್ದರೆ ಪಾಲೂ ಅವಳದ್ದಾಗಿರಲಿಲ್ಲ.

ಸೋತದ್ದನ್ನು ರೂಪಾಯಿಯಲ್ಲಿ ಎಣಿಸಬೇಡಿ, ಅವ್ವನ ದಿನಗಳಲ್ಲಿ ಎಣಿಸಿ. 2025–26ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಅಂತ ಗೊತ್ತುಮಾಡಿದ್ದರು. ಒಂದು ರಾತ್ರಿ 3,700 ಹೋಯಿತು ಅಂದರೆ ಅವ್ವ ಬಿಸಿಲಲ್ಲಿ ಮಣ್ಣು ಹೊತ್ತ ಹತ್ತು ದಿನ ಹೋಯಿತು. ಫೋನಿನ ಪರದೆಯ ಮೇಲೆ ಅದು ಬರೀ ಅಂಕಿ. ಅವ್ವನ ಬೆನ್ನ ಮೇಲೆ ಅದು ಮಂಕರಿ.

ಕಾನೂನು ಏನು ಮಾಡಿತು? ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಂಪನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರವರಿ 14ರಂದು ಆ ತಿದ್ದುಪಡಿ ಬಿದ್ದುಹೋಯಿತು. ಮೂರು ವರ್ಷದ ಮೇಲೆ ಕೇಂದ್ರದ ಕಾಯ್ದೆ ಬಂತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ವರ್ಷಕ್ಕೆ ಸುಮಾರು 45 ಕೋಟಿ ಜನ ಇಂಥ ಆಟಗಳಲ್ಲಿ 20,000 ಕೋಟಿ ರೂಪಾಯಿಯಷ್ಟು ಕಳೆದುಕೊಳ್ಳುತ್ತಾರೆ ಅಂತ ಆಗ ಸರ್ಕಾರದ ಕಡೆಯಿಂದಲೇ ಅಂದಾಜು ಬಂತು. ಆ ಕಾಯ್ದೆಯಲ್ಲಿ ಆಟ ನಡೆಸುವವನಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ತನಕ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಇದನ್ನು ನೆನಪಿಡಿ. ಹೆದರಿ ಮುಚ್ಚಿಡಬೇಕಾಗಿಲ್ಲ. ದೊಡ್ಡ ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿದವು, ಕೋರ್ಟಿಗೂ ಹೋದವು. ಆದರೆ ಎಲ್ಲೋ ಹೊರದೇಶದಲ್ಲಿ ಕೂತು ನಡೆಸುವ ಬೆಟ್ಟಿಂಗಿನ ಕೊಂಡಿ ಟೆಲಿಗ್ರಾಮಿನಲ್ಲಿ, ವಾಟ್ಸಾಪಿನಲ್ಲಿ ಬರುತ್ತದೆ. ಕಾನೂನು ಬೇಲಿ ಹಾಕಬಹುದು. ಬೇಲಿಯ ಸಂದಿಯಲ್ಲಿ ನುಸುಳಿದ ಹುಡುಗನನ್ನು ಕೈ ಹಿಡಿದು ಕರೆತರುವ ಕೆಲಸ ನಮ್ಮದೇ.

ಕರೆತರುವುದು ಹೇಗೆ? ಈಗ ಅಸಲು ಮಾತಿಗೆ ಬಂದೆವು.

ಮೊದಲು, ಅವನು ಬಾಯಿ ಬಿಡಬೇಕು. ಒಬ್ಬರ ಹತ್ತಿರವಾದರೂ ಪೂರ್ತಿ ಲೆಕ್ಕ ಹೇಳಬೇಕು. ಅರ್ಧ ಹೇಳಿದರೆ ಮುಚ್ಚಿಟ್ಟ ಅರ್ಧವೇ ಮತ್ತೆ ಅವನನ್ನು ಆಟಕ್ಕೆ ಎಳೆಯುತ್ತದೆ. ಅವನು ಬಾಯಿ ಬಿಡಬೇಕಾದರೆ ಕೇಳುವವರ ಬಾಯಿ ಸ್ವಲ್ಪ ಹೊತ್ತು ಮುಚ್ಚಿರಬೇಕು. ‘ಏನ್ಲಾ, ಜೂಜುಕೋರ’ ಅಂದುಬಿಟ್ಟರೆ ಅವನು ಮತ್ತೆ ಮಾತಾಡುವುದಿಲ್ಲ. ಒಂದು ಹೆಸರಿಟ್ಟು ಮನುಷ್ಯನನ್ನು ಆ ಹೆಸರೊಳಗೆ ಕೂಡಿಹಾಕುವುದು ಎಂಥದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕೆಲಸ ನಾವು ಮಾಡಬಾರದು.

ಎರಡನೆಯದು, ದುಡ್ಡು ಮತ್ತು ಕೈ ನಡುವೆ ದೂರ ಮಾಡುವುದು. ಕೆಲವು ತಿಂಗಳು ಎಟಿಎಂ ಕಾರ್ಡು ಅಕ್ಕನ ಹತ್ತಿರ ಇರಲಿ. ವಿದ್ಯಾರ್ಥಿವೇತನ ಬಿದ್ದ ದಿನ ಅವಳೋ ನಂಬಿಕೆಯ ಗೆಳೆಯನೋ ಜೊತೆಗಿರಲಿ, ಫೀಸು ಮೊದಲು ಕಟ್ಟಲಿ. ಫೋನ್‌ಪೇ, ಗೂಗಲ್‌ಪೇ ತೆಗೆದುಬಿಡಲಿ. ಆದರೆ ಬಟನ್ ಫೋನಿಗೆ ಇಳಿಯಲಿ. ಚೀಟಿ ಬರೆಯುವವನ ನಂಬರು, ಟಿಪ್ಸು ಕೊಡುವ ಗ್ರೂಪು ಎಲ್ಲ ಅಳಿಸಲಿ. ಆಡಬೇಕು ಅನ್ನಿಸುವ ತುಡಿತ ಜ್ವರದ ಹಾಗೆ ಏರುತ್ತದೆ, ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಒಂಟಿಯಾಗಿರದಿದ್ದರೆ ದಾಟಬಹುದು. ಆ ಹೊತ್ತಿಗೆ ಕಬಡ್ಡಿ ಅಂಕಣಕ್ಕೋ, ಚಹಾದಂಗಡಿಗೋ ಎಳೆದುಕೊಂಡು ಹೋಗುವ ಒಬ್ಬ ಗೆಳೆಯ ಸಾಕು.

ಮೂರನೆಯದು, ಸಾಲ. ಎಲ್ಲ ಸಾಲವನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಹೊಸ ಸಾಲ ಮಾಡಿ ಹಳೇದು ತೀರಿಸಬೇಡಿ. ಬಾಜಿಯ ಕರಾರು ಅಸಿಂಧು, ಬಾಜಿಯಲ್ಲಿ ಗೆದ್ದದ್ದನ್ನು ಕೊಡಿಸಿ ಅಂತ ಯಾರೂ ದಾವಾ ಹೂಡುವಂತಿಲ್ಲ ಅಂತ 1872ರ ಕರಾರು ಕಾಯ್ದೆಯ 30ನೇ ಕಲಮು ಹೇಳುತ್ತದೆ. ಸಾಲ ವಸೂಲಿಗೆ ಮನೆ ಮುಂದೆ ಬಂದು ಬೆದರಿಸುವವರ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಿರುಸಾಲದ ಕಾನೂನು ಬಂದಿದೆ, ಹತ್ತು ವರ್ಷದ ತನಕ ಜೈಲಿದೆ. ಇನ್ನು ದರಖಾಸ್ತಿನ ಜಮೀನು ಜೂಜಿನ ಸಾಲಕ್ಕೆ ಹೋಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಅಡಮಾನ ಇಡುವಂತಿಲ್ಲ. 2023ರ ತಿದ್ದುಪಡಿಯಲ್ಲಿ ಅಂಥ ಜಮೀನು ಮರಳಿ ಕೇಳಲು ಕಾಲಮಿತಿಯಿಲ್ಲ ಅಂತಲೂ ಸೇರಿಸಿದ್ದಾರೆ. ಕಾಗದ ಹಿಡಿದು ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ. ಹೋಗುವ ಧೈರ್ಯ ಇಲ್ಲದವರ ಜೊತೆ ನಾವು ಹೋಗೋಣ. ಮನೆಯವರಿಗೂ ಒಂದು ಮಾತು: ಸಾಲವನ್ನೆಲ್ಲ ನೀವೇ ತೀರಿಸಿ, ಕೈಗೆ ಮತ್ತೆ ದುಡ್ಡು ಕೊಟ್ಟು ‘ಇನ್ನು ಸರಿಯಾಗಿರು’ ಅಂದರೆ ಆಗುವುದಿಲ್ಲ. ಚಿಕಿತ್ಸೆ ಇಲ್ಲದೆ ಸಾಲ ತೀರಿದರೆ ಮುಂದಿನ ಸಾಲಕ್ಕೆ ದಾರಿಯಾಗುತ್ತದೆ.

ನಾಲ್ಕನೆಯದು, ವೈದ್ಯರು. ತಾಯತ ಕಟ್ಟಿಸಿದರೆ, ದೇವರ ಮುಂದೆ ಆಣೆ ಹಾಕಿಸಿದರೆ, ಕಟ್ಟಿಹಾಕಿ ಹೊಡೆದರೆ ಈ ಕಾಯಿಲೆ ವಾಸಿಯಾಗುವುದಿಲ್ಲ. ಮಾತಿನ ಮೂಲಕ, ಯೋಚನೆಯ ಜಾಡನ್ನು ತಿದ್ದುವ ಚಿಕಿತ್ಸೆ ಇದೆ. ಜೊತೆಗೆ ಖಿನ್ನತೆ ಇದ್ದರೆ, ಕುಡಿತ ಇದ್ದರೆ ಅದಕ್ಕೂ ಔಷಧಿ ಇದೆ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳಿಗೇ ಒಂದು ವಿಭಾಗ ಇದೆ, ಫೋನು ಮತ್ತು ಆನ್‌ಲೈನ್ ಆಟಗಳ ಗೀಳಿಗೆ 2014ರಿಂದ ಬೇರೆ ಕ್ಲಿನಿಕ್ಕೇ ಇದೆ. ಇಷ್ಟು ದೂರ ಹೋಗಲಾರದವರು 14416ಕ್ಕೆ ಫೋನು ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ‘ನಾನು ಇರಬಾರದು, ಸತ್ತರೆ ಎಲ್ಲ ಮುಗಿಯುತ್ತೆ’ ಅಂದರೆ ಅದನ್ನು ತಮಾಷೆ ಅಂದುಕೊಳ್ಳಬೇಡಿ. ಅವನನ್ನು ಒಂಟಿಯಾಗಿ ಬಿಡಬೇಡಿ. ಆ ರಾತ್ರಿಯೇ ವಾರ್ಡನ್ನರನ್ನು ಎಬ್ಬಿಸಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವ ಸಾಲವೂ ಒಂದು ಜೀವದಷ್ಟು ದೊಡ್ಡದಲ್ಲ.

ಐದನೆಯದು, ಜೊತೆ. 1957ರಲ್ಲಿ ಅಮೆರಿಕಾದ ಲಾಸ್ ಏಂಜಲೀಸಿನಲ್ಲಿ ಜೂಜಿಗೆ ಸಿಕ್ಕು ನೊಂದವರೇ ಒಂದು ಬಳಗ ಕಟ್ಟಿಕೊಂಡರು. ಗ್ಯಾಂಬ್ಲರ್ಸ್ ಅನಾನಿಮಸ್ ಅಂತ ಹೆಸರು. ಅಲ್ಲಿ ಅಧ್ಯಕ್ಷರ ಭಾಷಣ ಇಲ್ಲ, ಹಾರ ತುರಾಯಿ ಇಲ್ಲ. ಒಬ್ಬೊಬ್ಬರೂ ಎದ್ದು ತಮ್ಮ ಕತೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಅಲ್ಲಿಯ ಮಾತು ಹೊರಗೆ ಹೋಗುವುದಿಲ್ಲ. ಇವತ್ತು ಆಡಲಿಲ್ಲ, ಇವತ್ತಿನದು ಇವತ್ತಿಗೆ ಸಾಕು ಅಂತ ಒಂದೊಂದು ದಿನ ದಾಟುತ್ತಾರೆ. ಇದಕ್ಕೆ ಕಟ್ಟಡ ಬೇಕಿಲ್ಲ, ಅನುದಾನ ಬೇಕಿಲ್ಲ. ಹಾಸ್ಟೆಲಿನ ತಾರಸಿ ಸಾಕು, ವಾರಕ್ಕೊಂದು ಸಂಜೆ ಸಾಕು. ನಮ್ಮ ಹಿರಿಯರು ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಅಂತ ಬೀದಿಗಿಳಿದಿದ್ದರು. ಆ ಕೂಗಿನ ಫಲ ಉಂಡವರು ನಾವು. ಆ ವಸತಿ ಶಾಲೆಯ ಮಂಚದ ಮೇಲೆ ಕೂತು ಹುಡುಗ ರಾತ್ರಿಯೆಲ್ಲ ಸೋಲುತ್ತಿದ್ದರೆ, ಆ ಕೂಗು ಇನ್ನೂ ಮುಗಿದಿಲ್ಲ ಅಂತ ಅರ್ಥ.

ಒಂದು ಎಚ್ಚರಿಕೆ. ಬಿಟ್ಟವನು ಮತ್ತೆ ಆಡಬಹುದು. ಮೂರು ತಿಂಗಳು ಮುಟ್ಟದವನು ಒಂದು ಐಪಿಎಲ್ ರಾತ್ರಿ ಜಾರಬಹುದು. ಆಗ ‘ಇವನ ಹಣೆಬರಹ ಇಷ್ಟೆ’ ಅನ್ನಬೇಡಿ. ಹಣೆಬರಹ ಎಂಬ ಮಾತನ್ನು ನಾವು ಯಾವತ್ತೋ ಒರೆಸಿ ಹಾಕಿದ್ದೇವೆ. ಸೈಕಲ್ ಕಲಿಯುವವನು ಬಿದ್ದರೆ ಸೈಕಲ್ಲು ಮಾರುತ್ತೀವಾ? ಎತ್ತಿ ನಿಲ್ಲಿಸಿ, ಎಲ್ಲಿ ಜಾರಿದ ಅಂತ ನೋಡಿ, ಮತ್ತೆ ಹತ್ತಿಸಿ. ಜಾರಿದ ದಿನವೇ ಹೇಳಿಬಿಟ್ಟರೆ ಒಂದು ರಾತ್ರಿಯ ನಷ್ಟ. ಮುಚ್ಚಿಟ್ಟರೆ ಮತ್ತೆ ಮೊದಲಿನ ಹಳ್ಳ.

ಕೊನೆಗೆ, ಈ ಸಭೆಯಿಂದ ಎದ್ದು ಹೋಗುವ ಮೊದಲು ಕೆಲವು ಮಾತಿಗೆ ನಾವೆಲ್ಲ ಒಪ್ಪಬೇಕು ಅಂತ ಕೇಳುತ್ತೇವೆ.

1. ಗೆಳೆಯನಿಗೆ ಊಟಕ್ಕೆ ಕೊಡುತ್ತೇವೆ, ಬಸ್ ಚಾರ್ಜಿಗೆ ಕೊಡುತ್ತೇವೆ. ಆಟಕ್ಕೆ, ಆಟದ ಸಾಲಕ್ಕೆ ಕೈಗಡ ಕೊಡುವುದಿಲ್ಲ.

2. ಹಾಸ್ಟೆಲಿನ ರೂಮಿನಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡುವುದಿಲ್ಲ, ಬೆಟ್ಟಿಂಗಿನ ಕೊಂಡಿ ಯಾರಿಗೂ ಕಳಿಸುವುದಿಲ್ಲ. ಕಮಿಷನ್ನಿನ ಆಸೆಗೆ ತಮ್ಮನಂಥ ಹುಡುಗನನ್ನು ಈ ಹಳ್ಳಕ್ಕೆ ಇಳಿಸುವುದು ದ್ರೋಹ.

3. ಸೋತ ಗೆಳೆಯನ ವಿಷಯ ಮೆಸ್ಸಿನಲ್ಲಿ ನಗೆಯ ಮಾತು ಮಾಡುವುದಿಲ್ಲ.

4. ಪ್ರತಿ ಹಾಸ್ಟೆಲಿನಲ್ಲಿ ಇಬ್ಬರು ಈ ಕೆಲಸಕ್ಕೆ ನಿಲ್ಲಬೇಕು. ಯಾರು ಬಂದು ಹೇಳಿಕೊಂಡರೂ ಕೇಳಬೇಕು, ಗುಟ್ಟು ಕಾಯಬೇಕು, ಆಸ್ಪತ್ರೆಗೆ ಜೊತೆ ಹೋಗಬೇಕು. 14416 ಎಂಬ ನಂಬರು ಗೋಡೆಯ ಮೇಲೆ ಬರೆದಿರಬೇಕು.

5. ರಜೆಗೆ ಊರಿಗೆ ಹೋದಾಗ ಹಟ್ಟಿಯಲ್ಲಿ ಒಂದು ಸಂಜೆ ಕೂತು ಆ ನೂರು ರೂಪಾಯಿಯ ಲೆಕ್ಕವನ್ನು ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಬೇಕು. ನೂರು, ಎಂಬತ್ತು, ಅರವತ್ನಾಲ್ಕು, ಐವತ್ತೊಂದು, ನಲವತ್ತೊಂದು, ಮೂವತ್ಮೂರು. ಅಕ್ಷರ ಬಾರದ ಅಜ್ಜಿಗೂ ಇದು ತಿಳಿಯುತ್ತದೆ, ಸಂತೆಯಲ್ಲಿ ಅವಳಿಗಿಂತ ಚೆನ್ನಾಗಿ ಲೆಕ್ಕ ಹಾಕುವವರು ಯಾರಿದ್ದಾರೆ?

ಗೆಳೆಯರೇ, ಬೇಲೂರು ಹಳೇಬೀಡಿನ ಗುಡಿಗಳಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟ ಬಂತು. ಒಂಬೈನೂರು ವರ್ಷದ ಕಲ್ಲನ್ನು ಕಾಯಲಿಕ್ಕೆ ಬೇಲಿ ಇದೆ, ಕಾವಲುಗಾರ ಇದ್ದಾನೆ, ಬೋರ್ಡು ಇದೆ. ಕಾಯಲಿ, ಒಳ್ಳೆಯದೇ. ಆ ಗುಡಿಯಿಂದ ಕೂಗಳತೆಯ ದೂರದಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕೂತಿದ್ದಾನೆ. ಫೀಸು ಹೋಗಿದೆ, ನಾಳೆ ಅಪ್ಪ ಫೋನು ಮಾಡುತ್ತಾನೆ, ಏನು ಹೇಳಬೇಕೋ ಗೊತ್ತಿಲ್ಲ. ಇನ್ನೊಂದು ಆಟ ಆಡಿದರೆ ಎಲ್ಲ ಬರುತ್ತದೆ ಅಂತ ಫೋನು ಹೇಳುತ್ತಿದೆ. ಅವನಿಗೆ ಕಾವಲುಗಾರ ಯಾರು?

ಪಕ್ಕದ ಮಂಚದವನು. ಅಂದರೆ ನೀವು, ನಾವು. ಎದ್ದು ಹೋಗಿ ಅವನ ಪಕ್ಕ ಕೂತುಕೊಳ್ಳಿ. ‘ಎಷ್ಟು ಹೋಯ್ತು?’ ಅಂತ ಮೊದಲು ಕೇಳಬೇಡಿ. ‘ಊಟ ಮಾಡಿದ್ಯಾ?’ ಅಂತ ಕೇಳಿ. ಆಮೇಲೆ ಅವನೇ ಹೇಳುತ್ತಾನೆ.

ಜೈ ಭೀಮ್.